ನಾವಿಕನ ತೋಳಿನ ಮೇಲಿನ ನಕ್ಷತ್ರ

ಐದು ಮೊನೆಗಳ ಒಂದು ನಕ್ಷತ್ರ. ಪ್ರತಿ ಮೊನೆಯನ್ನೂ ನಡುವೆ ಸೀಳಿ ಒಂದು ಪಕ್ಕಕ್ಕೆ ಕಪ್ಪು, ಇನ್ನೊಂದು ಪಕ್ಕಕ್ಕೆ ಬಿಳಿ ಅಥವಾ ಕೆಂಪು ತುಂಬಿರುತ್ತಾರೆ. ಹೀಗಾಗಿ ಚಪ್ಪಟೆ ಚಿತ್ರವೂ ಕೆತ್ತಿದ ಕಲ್ಲಿನಂತೆ ಉಬ್ಬಿ ಕಾಣುತ್ತದೆ. ಹಚ್ಚೆ ಅಂಗಡಿಗಳ ಮಾದರಿ ಪುಸ್ತಕಗಳಲ್ಲಿ ಈ ಚಿತ್ರಕ್ಕೆ ಬಹುಕಾಲದಿಂದ ಸ್ಥಾನವಿದೆ. ಅದರ ಹೆಸರು ನಾಟಿಕಲ್ ಸ್ಟಾರ್, ಅಂದರೆ ನಾವಿಕರ ನಕ್ಷತ್ರ. ಇಂದು ಅದನ್ನು ಮೈಮೇಲೆ ಬರೆಸಿಕೊಳ್ಳುವವರಲ್ಲಿ ಹೆಚ್ಚಿನವರು ಹಡಗಿನಲ್ಲಿ ದುಡಿದವರಲ್ಲ. ಅವರಿಗೆ ಅದೊಂದು ಅಲಂಕಾರ. ಹೆಚ್ಚೆಂದರೆ 'ಬದುಕಿನಲ್ಲಿ ದಾರಿ ತಪ್ಪದಿರಲಿ' ಎಂಬ ಹಾರೈಕೆ.

ಆದರೆ ಒಂದು ಕಾಲದಲ್ಲಿ ಇಂಥ ಗುರುತುಗಳು ಅಲಂಕಾರವಾಗಿರಲಿಲ್ಲ. ಕಡಲಿಗೆ ಇಳಿದವನು ಮರಳಿ ಬರುತ್ತಾನೆಂಬ ಖಾತರಿ ಇಲ್ಲದಿದ್ದಾಗ, ಅವನ ಬಳಿ ತನ್ನದೆಂದು ಹೇಳಿಕೊಳ್ಳಲು ಚರ್ಮವೊಂದನ್ನು ಬಿಟ್ಟರೆ ಹೆಚ್ಚೇನೂ ಇಲ್ಲದಿದ್ದಾಗ, ಆ ಚರ್ಮದ ಮೇಲೆ ಬರೆಸಿಕೊಂಡ ಗುರುತುಗಳಿವು. ಆಕಾಶದ ನಕ್ಷತ್ರ ನಾವಿಕನ ತೋಳಿಗೆ ಇಳಿದು ಬಂದ ದಾರಿ ಯಾವುದು? ಅದನ್ನು ತಿಳಿಯಲು ಮೊದಲು ಆಕಾಶವನ್ನೇ ನೋಡಬೇಕು.

ನಕ್ಷತ್ರ ಮಾಡುತ್ತಿದ್ದ ಕೆಲಸ

ನಾವಿಕರ ನಕ್ಷತ್ರ ಎಂದರೆ ಧ್ರುವತಾರೆ. ರಾತ್ರಿಯಿಡೀ ಉಳಿದ ತಾರೆಗಳೆಲ್ಲ ಸುತ್ತುತ್ತಿದ್ದರೂ ಅದೊಂದು ಉತ್ತರ ದಿಕ್ಕಿನಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ಅದು ದಿಕ್ಕನ್ನು ಮಾತ್ರವಲ್ಲ, ಸ್ಥಳವನ್ನೂ ಹೇಳುತ್ತದೆ. ಧ್ರುವತಾರೆ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ, ನೋಡುವವನು ಭೂಮಧ್ಯರೇಖೆಯಿಂದ ಹೆಚ್ಚು ಕಡಿಮೆ ಅಷ್ಟೇ ಡಿಗ್ರಿ ಉತ್ತರದಲ್ಲಿರುತ್ತಾನೆ. ಮಂಗಳೂರಿನ ಕಡಲ ತೀರದಲ್ಲಿ ನಿಂತವನಿಗೆ ಅದು ಸುಮಾರು 13 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಯೆಮನಿನ ಏಡನ್ ಬಂದರಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಎತ್ತರ. ಏಕೆಂದರೆ ಈ ಎರಡು ಊರುಗಳು ಒಂದೇ ಅಕ್ಷಾಂಶದ ಮೇಲಿವೆ. ಏಡನ್‌ನ ಅಕ್ಷಾಂಶವನ್ನು ಹಿಡಿದು ಪೂರ್ವಕ್ಕೆ ಸಾಗಿದ ಹಡಗಿಗೆ ಎದುರಾಗುವುದು ತುಳುನಾಡಿನ ಕರಾವಳಿ.

ಈ ದಾರಿಯಲ್ಲಿ ಶತಮಾನಗಳ ಕಾಲ ವ್ಯಾಪಾರ ನಡೆದಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ಏಡನ್‌ನ ವರ್ತಕರೊಂದಿಗೆ ಪತ್ರ ವ್ಯವಹಾರ ಮಾಡಿದ್ದ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ, ಯೆಮನ್ ಮತ್ತು ಪರ್ಷಿಯಾದ ವರ್ತಕರು ಮಂಗಳೂರಿನಲ್ಲಿ ಬಂದಿಳಿಯುತ್ತಿದ್ದುದನ್ನು ದಾಖಲಿಸಿದ್ದಾನೆ.

ನಕ್ಷತ್ರದ ಎತ್ತರ ಅಳೆಯಲು ಅರಬ್ ನಾವಿಕರ ಬಳಿ ಇದ್ದ ಉಪಕರಣ ಅತ್ಯಂತ ಸರಳವಾದುದು. ಅದರ ಹೆಸರು ಕಮಾಲ್. ಒಂದು ಚಿಕ್ಕ ಮರದ ಹಲಗೆ, ಅದರ ನಡುವಿನ ತೂತಿನಲ್ಲಿ ಪೋಣಿಸಿದ ಒಂದು ದಾರ, ದಾರದಲ್ಲಿ ಕೆಲವು ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವತಾರೆಗೂ ತಾಗಿದರೆ ಆ ಗಂಟು ಸೂಚಿಸುವ ಬಂದರಿನ ಸಾಲಿಗೆ ಬಂದೆವೆಂದು ಅರ್ಥ. ಅಳತೆಯ ಮಾನ ಇಸ್ಬಾ, ಅಂದರೆ ಬೆರಳು. ಒಂದು ಬೆರಳೆಂದರೆ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು. ಓದು ಬರಹ ಬಾರದವನೂ ಇದನ್ನು ಬಳಸಬಲ್ಲವನಾಗಿದ್ದ.

15ನೇ ಶತಮಾನದ ಮಹಾ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಈ ವಿದ್ಯೆಯನ್ನು ಗ್ರಂಥರೂಪಕ್ಕೆ ತಂದವರಲ್ಲಿ ಪ್ರಮುಖ. ಇಂದಿನ ರಾಸ್ ಅಲ್ ಖೈಮಾದ ಬಳಿಯ ಜುಲ್ಫಾರ್‌ನವನು. 1498ರಲ್ಲಿ ವಾಸ್ಕೋ ಡ ಗಾಮನಿಗೆ ಕಲ್ಲಿಕೋಟೆಯ ದಾರಿ ತೋರಿಸಿದವನು ಇವನೇ ಎಂಬ ಕಥೆ ನಮ್ಮ ಪಠ್ಯಪುಸ್ತಕಗಳವರೆಗೂ ಹಬ್ಬಿದೆ. ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಅವನ ನಿಜವಾದ ಹಿರಿಮೆ ಬೇರೆ ಕಡೆ ಇದೆ. ಅರಬ್ ನಾವಿಕರು ದಿಗಂತವನ್ನು 32 ಭಾಗ ಮಾಡಿ, ಪ್ರತಿ ಭಾಗಕ್ಕೂ ಅಲ್ಲಿ ಉದಯಿಸುವ ಅಥವಾ ಮುಳುಗುವ ನಕ್ಷತ್ರದ ಹೆಸರಿಟ್ಟಿದ್ದರು. ಉತ್ತರಕ್ಕೆ ಜಾಹ್, ಅಂದರೆ ಧ್ರುವತಾರೆ. ಪೂರ್ವಕ್ಕೆ ತಾಇರ್ ಹುಟ್ಟುವ ಜಾಗ. ಆಲ್ಟೇರ್ ಎಂದು ಇಂಗ್ಲಿಷಿಗೆ ಹೋದದ್ದು ಈ ಹೆಸರೇ. ಅವರ ಪಾಲಿಗೆ ದಿಕ್ಕು ಎಂಬುದೇ ಒಂದು ನಕ್ಷತ್ರದ ಹೆಸರಾಗಿತ್ತು. ಈ ವಿದ್ಯೆಯನ್ನು ಸಮಗ್ರವಾಗಿ ವಿವರಿಸಿದವನು ಇಬ್ನ್ ಮಾಜಿದ್.

ನಕಾಶೆಯ ಹೂವು

ಯುರೋಪಿನ ನಾವಿಕರು ದಿಕ್ಕುಗಳಿಗೆ ಮೊದಲು ಗಾಳಿಗಳ ಹೆಸರಿಟ್ಟಿದ್ದರು. ಅವರ ಸಮುದ್ರ ನಕಾಶೆಗಳ ಮೂಲೆಯಲ್ಲಿ 32 ದಿಕ್ಕುಗಳು ಹೂವಿನ ಎಸಳುಗಳಂತೆ ಬಿಚ್ಚಿಕೊಂಡಿರುವ ಚಿತ್ರವಿರುತ್ತಿತ್ತು. 1375ರ ಕತಲಾನ್ ನಕಾಶೆಯಲ್ಲಿ ಅದರ ಬಹಳ ಹಳೆಯ ಮಾದರಿಯೊಂದಿದೆ. ತೂಗಾಡುವ ಹಡಗಿನಲ್ಲಿ, ಮಂದ ದೀಪದ ಬೆಳಕಿನಲ್ಲಿ ಒಂದು ದಿಕ್ಕು ಇನ್ನೊಂದರೊಂದಿಗೆ ಬೆರೆತುಹೋಗದಂತೆ ಎಸಳುಗಳಿಗೆ ಬೇರೆ ಬೇರೆ ಬಣ್ಣ ತುಂಬುತ್ತಿದ್ದರು. ಒಂದೊಂದು ಮೊನೆಯನ್ನು ಕಪ್ಪು ಬಿಳುಪಾಗಿ ಸೀಳಿ ತೋರಿಸುವ ವಾಡಿಕೆಯೂ ಬೆಳೆಯಿತು. ಹಚ್ಚೆಯ ನಕ್ಷತ್ರದಲ್ಲಿ ನಾವು ಇಂದು ಕಾಣುವ ಎರಡು ಬಣ್ಣದ ಮೊನೆಗಳು ಈ ದಿಕ್ಸೂಚಿಯ ಹೂವನ್ನೇ ನೆನಪಿಸುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದಿಲ್ಲ. ಅದು ತೋರಿಸುವುದು ಭೂಮಿಯ ಕಾಂತೀಯ ಉತ್ತರವನ್ನು. ಎರಡರ ನಡುವಿನ ಅಂತರ ಊರಿನಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. 1492ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ನಡುವೆ ಕೊಲಂಬಸ್‌ನ ನಾವಿಕರು ಮುಳ್ಳು ಧ್ರುವತಾರೆಯಿಂದ ಸರಿದಿರುವುದನ್ನು ಕಂಡು ಹೆದರಿದರು. ಸರಿದದ್ದು ಮುಳ್ಳಲ್ಲ, ನಕ್ಷತ್ರ ಎಂದು ಕೊಲಂಬಸ್ ಅವರನ್ನು ಸಮಾಧಾನಪಡಿಸಿದ. ಆಧುನಿಕ ಸಮುದ್ರ ನಕಾಶೆಗಳಲ್ಲಿ ದಿಕ್ಸೂಚಿಯ ಚಿತ್ರಕ್ಕೆ ಎರಡು ವೃತ್ತಗಳಿರುತ್ತವೆ. ಒಳಗಿನದು ಮುಳ್ಳಿನ ಉತ್ತರಕ್ಕೆ, ಹೊರಗಿನದು ನಿಜವಾದ ಉತ್ತರಕ್ಕೆ. ಅಮೆರಿಕದ ನಕಾಶೆಗಳಲ್ಲಿ ಹೊರಗಿನ ವೃತ್ತದ ತುದಿಯಲ್ಲಿ ಒಂದು ಪುಟ್ಟ ನಕ್ಷತ್ರವನ್ನು ಬರೆಯುವ ಪದ್ಧತಿಯಿದೆ. ಅಂದರೆ ಕೈಯಲ್ಲಿರುವ ಉಪಕರಣ ತಪ್ಪಿದರೂ ತಪ್ಪದ ದಿಕ್ಕು ಒಂದಿದೆ ಎಂಬುದರ ಗುರುತು ಅದು. ನಾವಿಕ ತನ್ನ ತೋಳಿಗೆ ಹಡಗನ್ನೋ ಲಂಗರನ್ನೋ ಮಾತ್ರವಲ್ಲದೆ ನಕ್ಷತ್ರವನ್ನೂ ಏಕೆ ಆರಿಸಿಕೊಂಡ ಎಂಬುದಕ್ಕೆ ಇದೂ ಒಂದು ಉತ್ತರ.

ಧ್ರುವತಾರೆ ಕಾಣದ ನಾಡಿನಿಂದ

ಹಚ್ಚೆಯ ಕಲೆ ಮನುಷ್ಯನಷ್ಟೇ ಹಳೆಯದು. ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕಿದ, 5,000 ವರ್ಷಗಳಿಗೂ ಹಿಂದಿನ ಮನುಷ್ಯನ ದೇಹದ ಮೇಲೆ 61 ಗುರುತುಗಳಿವೆ. ಜೆರುಸಲೇಮಿಗೆ ಹೋದ ಕ್ರೈಸ್ತ ಯಾತ್ರಿಕರು ತೋಳಿನ ಮೇಲೆ ಶಿಲುಬೆ ಹಾಕಿಸಿಕೊಂಡು ಮರಳುತ್ತಿದ್ದುದಕ್ಕೆ 16 ಮತ್ತು 17ನೇ ಶತಮಾನದ ದಾಖಲೆಗಳಿವೆ. ಆದರೆ ಇಂಗ್ಲಿಷರಿಗೆ 'ಟ್ಯಾಟೂ' ಎಂಬ ಶಬ್ದ ಸಿಕ್ಕಿದ್ದು ಪೆಸಿಫಿಕ್ ಸಾಗರದಿಂದ, ತಹೀತಿ ಭಾಷೆಯ 'ತತೌ' ಎಂಬ ಪದದಿಂದ. 1769ರಲ್ಲಿ ಜೇಮ್ಸ್ ಕುಕ್‌ನ 'ಎಂಡೆವರ್' ಹಡಗು ತಹೀತಿಯಲ್ಲಿ ತಂಗಿದ್ದಾಗ ಜೋಸೆಫ್ ಬ್ಯಾಂಕ್ಸ್ ಈ ಪದ್ಧತಿಯನ್ನು ವಿವರವಾಗಿ ಬರೆದಿಟ್ಟ. ಹಡಗಿನ ಚಿತ್ರಕಾರ ಸಿಡ್ನಿ ಪಾರ್ಕಿನ್ಸನ್ ಮತ್ತು ಕೆಲವು ಸಂಗಾತಿಗಳು ತಮ್ಮ ತೋಳುಗಳಿಗೆ ಹಚ್ಚೆ ಚುಚ್ಚಿಸಿಕೊಂಡರು.

ಗಮನಿಸಬೇಕಾದ ಸಂಗತಿಯೆಂದರೆ, ತಹೀತಿ ಇರುವುದು ಭೂಮಧ್ಯರೇಖೆಯಿಂದ 17 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ಧ್ರುವತಾರೆ ಕಾಣುವುದೇ ಇಲ್ಲ. ರೇಖೆ ದಾಟಿದೊಡನೆ ಅದು ದಿಗಂತದ ಕೆಳಗೆ ಮುಳುಗಿ ಹೋಗುತ್ತದೆ. ಹಡಗುಗಳಲ್ಲಿ ಹಚ್ಚೆಯ ಗೀಳು ಹಬ್ಬಿಸಿದ ದ್ವೀಪಗಳಿಗೂ ಮುಂದೆ ಆ ಹಚ್ಚೆಯ ಪ್ರಸಿದ್ಧ ಚಿತ್ರವಾಗಲಿದ್ದ ನಕ್ಷತ್ರಕ್ಕೂ ಸಂಬಂಧವೇ ಇರಲಿಲ್ಲ.

ಹಾಗೆಂದು ಆ ದ್ವೀಪದ ಜನರಿಗೆ ನಕ್ಷತ್ರ ಗೊತ್ತಿರಲಿಲ್ಲವೆಂದಲ್ಲ. ರೈಯಾತೆಯಾ ದ್ವೀಪದ ತುಪಾಯಾ ಎಂಬ ಪುರೋಹಿತ, ನಾವಿಕ ಎಂಡೆವರ್ ಹತ್ತಿ ಕುಕ್‌ನ ಜತೆ ಹೊರಟ. 70ಕ್ಕೂ ಹೆಚ್ಚು ದ್ವೀಪಗಳ ನಕಾಶೆಯೊಂದು ಅವನ ನೆನಪಿನಿಂದ ಸಿದ್ಧವಾಯಿತು. ಪಯಣದ ಯಾವ ಹಂತದಲ್ಲಿ ಕೇಳಿದರೂ ತಹೀತಿ ಯಾವ ದಿಕ್ಕಿಗಿದೆ ಎಂದು ಅವನು ಬೆರಳು ತೋರಿಸುತ್ತಿದ್ದನಂತೆ. 1770ರ ಡಿಸೆಂಬರ್‌ನಲ್ಲಿ ಬಟೇವಿಯಾ, ಅಂದರೆ ಇಂದಿನ ಜಕಾರ್ತದಲ್ಲಿ ರೋಗಕ್ಕೆ ತುತ್ತಾಗಿ ತೀರಿಕೊಂಡ. ಕೆಲವೇ ವಾರಗಳಲ್ಲಿ ಪಾರ್ಕಿನ್ಸನ್ ಕೂಡ ಸಮುದ್ರದಲ್ಲಿ ಸತ್ತ. ಊರಿನ ದಿಕ್ಕನ್ನು ಚೆನ್ನಾಗಿ ಬಲ್ಲವನೂ ಊರಿಗೆ ಮರಳಲಿಲ್ಲ, ತೋಳಿಗೆ ಹಚ್ಚೆ ಹಾಕಿಸಿಕೊಂಡವನೂ ಮರಳಲಿಲ್ಲ. ಅಂದಿನ ನಾವಿಕನ ಬದುಕು ಇಂಥದ್ದು.

ಚರ್ಮವೇ ಕಾಗದವಾದಾಗ

18ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆಗೆ ಜನ ಸಾಲದೆ ಬಂದಾಗ ಅದು ಬಂದರುಗಳಿಂದಲೂ ಬೇರೆ ಹಡಗುಗಳಿಂದಲೂ ಗಂಡಸರನ್ನು ಬಲವಂತವಾಗಿ ಎಳೆದೊಯ್ಯುತ್ತಿತ್ತು. ಅಮೆರಿಕ ಸ್ವತಂತ್ರವಾದ ಮೇಲೂ ಸಾವಿರಾರು ಅಮೆರಿಕನ್ ನಾವಿಕರು ಹೀಗೆ ಸೆರೆಯಾದರು. 1812ರಲ್ಲಿ ಎರಡು ದೇಶಗಳ ನಡುವೆ ಯುದ್ಧವಾಗಲು ಇದೂ ಒಂದು ಕಾರಣ. ತನ್ನ ನಾವಿಕರನ್ನು ಉಳಿಸಿಕೊಳ್ಳಲು ಅಮೆರಿಕದ ಸಂಸತ್ತು 1796ರಲ್ಲಿ ಕಾನೂನೊಂದನ್ನು ಮಾಡಿತು. ಅದರಂತೆ 25 ಸೆಂಟ್ ಕೊಟ್ಟ ನಾವಿಕನಿಗೆ ಪೌರತ್ವದ ರಕ್ಷಣಾ ಪತ್ರ ಸಿಗುತ್ತಿತ್ತು.

ಛಾಯಾಚಿತ್ರವಿಲ್ಲದ ಕಾಲ. ಪತ್ರದಲ್ಲಿರುವ ಮನುಷ್ಯ ಇವನೇ ಎಂದು ಗುರುತಿಸುವುದು ಹೇಗೆ? ಎತ್ತರ, ಮೈಬಣ್ಣ, ಗಾಯದ ಕಲೆಗಳ ಜತೆ ಹಚ್ಚೆಯನ್ನೂ ಅದರಲ್ಲಿ ಬರೆಯುತ್ತಿದ್ದರು. ಯಾವ ತೋಳಿನಲ್ಲಿ ಯಾವ ಅಕ್ಷರ, ಎಲ್ಲಿ ಲಂಗರು, ಎಲ್ಲಿ ಹೃದಯ ಎಂಬ ವಿವರ. 1796ರಿಂದ 1818ರವರೆಗಿನ ಈ ಪತ್ರಗಳನ್ನು ಅಧ್ಯಯನ ಮಾಡಿದ ಐರಾ ಡೈ ಎಂಬ ವಿದ್ವಾಂಸರು ಅತಿ ಹೆಚ್ಚು ಕಂಡದ್ದು ಹೆಸರಿನ ಮೊದಲಕ್ಷರಗಳನ್ನು. ಕಾಗದ ನೆನೆಯುತ್ತದೆ, ಕಳೆದುಹೋಗುತ್ತದೆ, ಕದಿಯಲ್ಪಡುತ್ತದೆ. ಚರ್ಮದ ಬರಹ ಹಾಗಲ್ಲ.

ಈ ಪತ್ರದ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್ 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರ್‌ನಿಂದ ತಪ್ಪಿಸಿಕೊಂಡದ್ದು ನಾವಿಕನ ವೇಷದಲ್ಲಿ, ಗೆಳೆಯನೊಬ್ಬನ ರಕ್ಷಣಾ ಪತ್ರವನ್ನು ಕಡ ಪಡೆದು. ಪತ್ರದಲ್ಲಿದ್ದ ಚಹರೆ ಅವನದಕ್ಕೆ ಹೊಂದುತ್ತಿರಲಿಲ್ಲ. ರೈಲಿನ ಕಂಡಕ್ಟರ್ ಸರಿಯಾಗಿ ಓದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಂಡಕ್ಟರ್ ಓದಲಿಲ್ಲ. ಗುಲಾಮಗಿರಿಯ ವಿರುದ್ಧ ಅಮೆರಿಕದ ಅತಿ ದೊಡ್ಡ ದನಿಗಳಲ್ಲೊಂದು ಹೀಗೆ ಸ್ವತಂತ್ರವಾಯಿತು. ಮುಂದೆ ಅವನು ಬರೆದ ಆತ್ಮಕಥೆಗಳನ್ನು ಜಗತ್ತು ಇಂದಿಗೂ ಓದುತ್ತಿದೆ.

ಬದುಕಿದ್ದಾಗ ಮಾತ್ರವಲ್ಲ, ಸತ್ತ ಮೇಲೂ ಹಚ್ಚೆ ಬೇಕಾಗಿತ್ತು. ನೀರಿನಲ್ಲಿ ಕೆಲವು ದಿನ ಉಳಿದ ಹೆಣದ ಮುಖ ಗುರುತಾಗುವುದಿಲ್ಲ. ತೋಳಿನ ಮೇಲಿನ ಎರಡಕ್ಷರವೇ ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಹರ್ಮನ್ ಮೆಲ್ವಿಲ್ 1850ರ 'ವೈಟ್ ಜಾಕೆಟ್' ಕೃತಿಯಲ್ಲಿ ಯುದ್ಧನೌಕೆಯೊಂದರ ಹಚ್ಚೆಗಾರರ ಬಗ್ಗೆ ಬರೆಯುತ್ತಾ, ಕ್ಯಾಥೊಲಿಕ್ ನಾವಿಕರು ಶಿಲುಬೆ ಚುಚ್ಚಿಸಿಕೊಳ್ಳುತ್ತಿದ್ದ ಕಾರಣವನ್ನು ತಿಳಿಸುತ್ತಾನೆ. ಪರದೇಶದಲ್ಲಿ ಸತ್ತರೆ ತಮ್ಮ ಧರ್ಮದವರೆಂದು ಗುರುತಿಸಿ ಯಾರಾದರೂ ಮರ್ಯಾದೆಯಿಂದ ಹೂಳಲಿ ಎಂಬುದೇ ಆ ಕಾರಣ. ಸಾವಿನ ಬಳಿಕ ದಫನವಾದರೂ ಸರಿಯಾಗಿ ಆಗಲಿ ಎಂಬ ಈ ಆಸೆ ಯಾವ ಧರ್ಮದವರಿಗೆ ಅರ್ಥವಾಗುವುದಿಲ್ಲ?

ಈ ಹಿನ್ನೆಲೆಯಲ್ಲಿ ನಾವಿಕರ ಹಚ್ಚೆಗಳಿಗೆ ಒಂದು ಭಾಷೆಯೇ ಬೆಳೆಯಿತು. ಐದು ಸಾವಿರ ನಾಟಿಕಲ್ ಮೈಲಿ ಪಯಣಿಸಿದವನಿಗೆ ಒಂದು ಬಾನಾಡಿ, ಭೂಮಧ್ಯರೇಖೆ ದಾಟಿದವನಿಗೆ ಆಮೆ, ಕೇಪ್ ಹಾರ್ನ್ ಸುತ್ತಿ ಬಂದವನಿಗೆ ಪೂರ್ಣ ಹಾಯಿಯ ಹಡಗು. ಒಂದು ಪಾದಕ್ಕೆ ಹಂದಿ, ಇನ್ನೊಂದಕ್ಕೆ ಹುಂಜ. ಹಡಗು ಮುಳುಗಿದಾಗ ಈ ಪ್ರಾಣಿಗಳನ್ನಿಟ್ಟ ಮರದ ಗೂಡುಗಳು ತೇಲಿ ಉಳಿಯುತ್ತವೆ ಎಂಬ ನಂಬಿಕೆಯಿಂದ. ಈ ಸಾಲಿನಲ್ಲಿ ನಕ್ಷತ್ರದ ಅರ್ಥ ಒಂದೇ: ಮನೆಗೆ ಮರಳುವ ದಾರಿ.

1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಎಡಿಸನ್ನನ ವಿದ್ಯುತ್ ಲೇಖನಿಯೇ ಅದಕ್ಕೆ ಮೂಲ. ಗಂಟೆಗಟ್ಟಲೆಯ ಕೆಲಸ ನಿಮಿಷಗಳದಾಯಿತು. ಬಂದರುಗಳ ಬೀದಿಗಳಲ್ಲಿ ಅಂಗಡಿಗಳೆದ್ದವು, ಗೋಡೆಯ ಮೇಲೆ ಮಾದರಿ ಚಿತ್ರಗಳು ತೂಗಿದವು. ದಿಕ್ಸೂಚಿಯ 32 ಎಸಳಿನ ಹೂವು ಸರಳಗೊಂಡು ಐದು ಮೊನೆಯ ಎರಡು ಬಣ್ಣದ ನಕ್ಷತ್ರವಾಗಿ ಅಮೆರಿಕದ ಹಚ್ಚೆಗಾರರ ಕೈಯಲ್ಲಿ ನೆಲೆಗೊಂಡದ್ದು 20ನೇ ಶತಮಾನದ ಇಂಥ ಅಂಗಡಿಗಳಲ್ಲಿ. ಹೊನೊಲುಲುವಿನಲ್ಲಿ 'ಸೇಲರ್ ಜೆರ್ರಿ' ಎಂದೇ ಹೆಸರಾದ ನಾರ್ಮನ್ ಕಾಲಿನ್ಸ್ ಅಂಥವರಲ್ಲಿ ಪ್ರಸಿದ್ಧ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ರಣರಂಗಕ್ಕೆ ಹೊರಟ ಹುಡುಗರು ಆ ಊರಿನ ಹೋಟೆಲ್ ಸ್ಟ್ರೀಟ್‌ನ ಹಚ್ಚೆ ಅಂಗಡಿಗಳ ಮುಂದೆ ಸಾಲುಗಟ್ಟುತ್ತಿದ್ದರು. ಅವರಲ್ಲಿ ಅನೇಕರು ಹಿಂದಿರುಗಲಿಲ್ಲ.

ಎದೆಯಲ್ಲಿಟ್ಟುಕೊಂಡವರು

ಇದೇ ನಕ್ಷತ್ರವನ್ನು ನಂಬಿ ಬದುಕಿದ ಅರಬ್ ನಾವಿಕರ ಪರಂಪರೆ ಅದನ್ನು ಕಾಪಿಟ್ಟ ಬಗೆ ಬೇರೆ. ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ ಖಂಡಿಸುವ ಹದೀಸ್‌ಗಳು ಬುಖಾರಿ, ಮುಸ್ಲಿಮ್ ಸಂಗ್ರಹಗಳಲ್ಲಿವೆ. ಬಹುಪಾಲು ವಿದ್ವಾಂಸರು ಅದನ್ನು ನಿಷಿದ್ಧವೆಂದೇ ಪರಿಗಣಿಸಿದ್ದಾರೆ. ಹಾಗಿದ್ದೂ ಅರಬ್ ಗ್ರಾಮೀಣ ಹಾಗೂ ಉತ್ತರ ಆಫ್ರಿಕದ ಬರ್ಬರ್ ಹೆಂಗಸರಲ್ಲಿ ಹಚ್ಚೆ ಶತಮಾನಗಳ ಕಾಲ ವಾಡಿಕೆಯಲ್ಲಿತ್ತು ಎಂಬುದೂ ನಿಜ. ಆದರೆ ನಕ್ಷತ್ರ ವಿದ್ಯೆ ಉಳಿದದ್ದು ಚರ್ಮದ ಮೇಲಲ್ಲ, ಕಂಠದಲ್ಲಿ. ಇಬ್ನ್ ಮಾಜಿದ್ 1462ರಲ್ಲಿ ಸಮುದ್ರ ಶಾಸ್ತ್ರದ ಕುರಿತು ಸಾವಿರಕ್ಕೂ ಹೆಚ್ಚು ಸಾಲುಗಳ ಪದ್ಯವೊಂದನ್ನು ರಚಿಸಿದ. ಕತ್ತಲಲ್ಲಿ ಪುಸ್ತಕ ಬಿಡಿಸಲಾಗದ ನಾವಿಕ ಅದನ್ನು ಬಾಯಿಪಾಠ ಹೇಳಿಕೊಂಡು ದಾರಿ ಹುಡುಕಬೇಕು ಎಂಬುದು ಅದರ ಉದ್ದೇಶ. ನಕ್ಷತ್ರಗಳನ್ನು ಕಡಲಯಾತ್ರಿಕರ ಮಾರ್ಗದರ್ಶಿಗಳೆಂದು ಕುರ್‌ಆನ್ ನೆನಪಿಸುತ್ತದೆ. ಆ ಮಾತನ್ನು ಇವರು ಅಕ್ಷರಶಃ ಬದುಕಿದ್ದರು. ಒಬ್ಬನಿಗೆ ನಕ್ಷತ್ರ ತೋಳಿನ ಮೇಲೆ, ಇನ್ನೊಬ್ಬನಿಗೆ ನಾಲಗೆಯ ಮೇಲೆ. ಇಬ್ಬರಿಗೂ ಬೇಕಾಗಿದ್ದುದು ಮನೆಯ ದಾರಿ.

ಗುರುತು ಯಾರ ಕೈಯಲ್ಲಿ?

ಮೈಮೇಲಿನ ಗುರುತು ಎಲ್ಲ ಕಾಲದಲ್ಲೂ ಸ್ವಂತ ಇಚ್ಛೆಯದಾಗಿರಲಿಲ್ಲ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ 1797ರ ಕಾನೂನು ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಬರೆಯಲು ಅವಕಾಶ ಕೊಟ್ಟಿತು. ಗೋದ್ನಾ ಎಂದು ಕರೆಯಲಾಗುತ್ತಿದ್ದ ಈ ಶಿಕ್ಷೆ ರದ್ದಾದದ್ದು 1849ರಲ್ಲಿ. 1941ರಿಂದ ನಾಜಿಗಳು ಆಶ್‌ವಿಟ್ಜ್ ಶಿಬಿರದಲ್ಲಿ ಕೈದಿಗಳ ಮೈಮೇಲೆ ಸಂಖ್ಯೆಗಳನ್ನು ಚುಚ್ಚಿದರು. ನಾವಿಕ ತನ್ನ ಹೆಸರು ಅಳಿಯದಿರಲಿ ಎಂದು ಬರೆಸಿಕೊಂಡರೆ, ಇಲ್ಲಿ ಹೆಸರನ್ನು ಅಳಿಸಲೆಂದೇ ಬರೆಯಲಾಯಿತು. ಸೂಜಿ ಒಂದೇ, ಶಾಯಿ ಒಂದೇ. ಅದನ್ನು ಹಿಡಿದ ಕೈ ಯಾರದು ಎಂಬುದರ ಮೇಲೆ ಅರ್ಥ ತಲೆಕೆಳಗಾಗುತ್ತದೆ.

ನಕ್ಷತ್ರದ ಅರ್ಥವೂ ಹೀಗೆಯೇ ಕೈ ಬದಲಾದಂತೆ ಬದಲಾಯಿತು. ಸೋವಿಯತ್ ಸೆರೆಮನೆಗಳ ವೃತ್ತಿಪರ ಕಳ್ಳರು ಭುಜಗಳ ಮೇಲೆ ಎಂಟು ಮೊನೆಯ ನಕ್ಷತ್ರ ಹಾಕಿಸಿಕೊಳ್ಳುತ್ತಿದ್ದರು. ಮಂಡಿಯ ಮೇಲೆ ಅದೇ ನಕ್ಷತ್ರವಿದ್ದರೆ ತಾನು ಯಾರ ಮುಂದೆಯೂ ಮಂಡಿಯೂರುವುದಿಲ್ಲ ಎಂದರ್ಥ. ಅರ್ಹತೆಯಿಲ್ಲದೆ ಹಾಕಿಸಿಕೊಂಡವನಿಗೆ ಸಹಕೈದಿಗಳೇ ಕ್ರೂರ ಶಿಕ್ಷೆ ಕೊಡುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಬಫಲೋ ನಗರದಲ್ಲಿ, ಬಹಿರಂಗವಾಗಿ ಬದುಕಲಾಗದ ಕೆಲವು ಸಲಿಂಗ ಪ್ರೇಮಿ ಮಹಿಳೆಯರು ಮಣಿಕಟ್ಟಿನ ಮೇಲೆ ಪುಟ್ಟ ನಕ್ಷತ್ರ ಬರೆಸಿಕೊಂಡು ಹಗಲಲ್ಲಿ ಅದನ್ನು ಕೈಗಡಿಯಾರದಡಿ ಮುಚ್ಚಿಡುತ್ತಿದ್ದುದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. 1990ರ ದಶಕದಲ್ಲಿ ಪಂಕ್ ಸಂಗೀತದ ಯುವಜನರಿಂದ ನಾವಿಕರ ನಕ್ಷತ್ರ ಮತ್ತೆ ಜನಪ್ರಿಯವಾಯಿತು. ಬಳಿಕ ಅದು ಅಂಗಿಗೂ ಬೂಟಿಗೂ ಹಬ್ಬಿ ಫ್ಯಾಷನ್ನಾಯಿತು.

ಫ್ಯಾಷನ್ ಎಂದು ಹೀಗಳೆಯುವ ಅಗತ್ಯವಿಲ್ಲ. ನಂಬಿದ ನಕ್ಷತ್ರವೇ ಸ್ಥಿರವಲ್ಲ. ಭೂಮಿಯ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಒಂದು ಸುತ್ತು ಓಲಾಡುತ್ತದೆ. ಐದು ಸಾವಿರ ವರ್ಷಗಳ ಹಿಂದೆ ಉತ್ತರ ಧ್ರುವದ ಬಳಿಯಿದ್ದುದು ಥುಬಾನ್ ಎಂಬ ತಾರೆ. ಇಬ್ನ್ ಮಾಜಿದ್ ಮತ್ತು ಕೊಲಂಬಸ್‌ರ ಕಾಲದಲ್ಲಿ ಇಂದಿನ ಧ್ರುವತಾರೆ ನಿಜವಾದ ಧ್ರುವದಿಂದ ಮೂರು ಡಿಗ್ರಿಗೂ ಹೆಚ್ಚು ದೂರವಿತ್ತು. ಅನುಭವಿ ನಾವಿಕರು ಪಕ್ಕದ ತಾರೆಗಳನ್ನು ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತಿದ್ದರು. ಅದು ಧ್ರುವಕ್ಕೆ ಅತಿ ಸಮೀಪ ಬರುವುದು 2100ರ ಆಸುಪಾಸಿನಲ್ಲಿ. ಇಂದು ಹಡಗುಗಳಿಗೆ ದಾರಿ ತೋರಿಸುವುದು ಕೃತಕ ಉಪಗ್ರಹಗಳು. ನಕ್ಷತ್ರಕ್ಕೆ ಹಳೆಯ ಕೆಲಸ ಬಹುಮಟ್ಟಿಗೆ ಉಳಿದಿಲ್ಲ.

ಆದರೆ ಹಚ್ಚೆಯ ಹಳೆಯ ಕೆಲಸ ಮುಗಿದಿದೆಯೇ? 2015ರ ಏಪ್ರಿಲ್ 18ರಂದು ಲಿಬಿಯಾದಿಂದ ಇಟಲಿಯತ್ತ ಹೊರಟಿದ್ದ ಮೀನುಗಾರಿಕೆ ದೋಣಿಯೊಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ ನೂರಾರು ವಲಸಿಗರು ಸತ್ತರು. ಮರುವರ್ಷ ದೋಣಿಯನ್ನು ಮೇಲೆತ್ತಿ ಸಿಸಿಲಿಗೆ ತರಲಾಯಿತು. ಮಿಲಾನ್ ವಿಶ್ವವಿದ್ಯಾಲಯದ ವಿಧಿವಿಜ್ಞಾನ ತಜ್ಞೆ ಕ್ರಿಸ್ಟೀನಾ ಕತ್ತಾನೆಯೋ ಮತ್ತು ಅವರ ಸಹೋದ್ಯೋಗಿಗಳು ಆ ಹೆಸರಿಲ್ಲದ ದೇಹಗಳಿಗೆ ಹೆಸರು ಹುಡುಕುವ ಕೆಲಸಕ್ಕೆ ಇಳಿದರು. ಇಂಥ ಕೆಲಸದಲ್ಲಿ ಆಧಾರವಾಗುವುದು ಹಲ್ಲು, ಗಾಯದ ಕಲೆ, ಹಚ್ಚೆ ಮತ್ತು ಜೇಬಿನಲ್ಲಿ ಉಳಿದ ವಸ್ತುಗಳು. ಮಾಲಿ ದೇಶದ ಸುಮಾರು 14 ವರ್ಷದ ಹುಡುಗನೊಬ್ಬನ ಬಟ್ಟೆಯ ಒಳಗೆ ಹೊಲಿದಿಟ್ಟ ಕಾಗದವೊಂದು ಸಿಕ್ಕಿತು. ಅದು ಅವನ ಶಾಲೆಯ ಅಂಕಪಟ್ಟಿ. ತಾನು ಯಾರು, ತಾನೆಂಥ ವಿದ್ಯಾರ್ಥಿ ಎಂದು ದಡ ಸೇರಿದ ಮೇಲೆ ತೋರಿಸಲು ಅದನ್ನು ಜೋಪಾನ ಮಾಡಿದ್ದನೇನೋ.

ಇನ್ನೂರು ವರ್ಷಗಳ ಹಿಂದೆ ತೋಳಿನ ಮೇಲೆ ಎರಡಕ್ಷರ ಬರೆಸಿಕೊಂಡ ನಾವಿಕ ಕೇಳಿದ್ದೂ ಇದನ್ನೇ. ನಾನು ಯಾರೆಂದು ಗುರುತಿಸಿ, ಸಾಧ್ಯವಾದರೆ ಮನೆಗೆ ಕಳುಹಿಸಿ, ಇಲ್ಲದಿದ್ದರೆ ನನ್ನ ಹೆಸರಿನಿಂದ ಹೂಳಿ. ದಿಕ್ಕು ತೋರಿಸುವ ಕೆಲಸ ನಕ್ಷತ್ರದ್ದು, ದಡಕ್ಕೆ ಬಂದವನನ್ನು ಗುರುತಿಸುವ ಕೆಲಸ ದಡದಲ್ಲಿರುವ ನಮ್ಮದು.